ಅಡುಗೆಮನೆಯ ಮೂಲೆ

ಮಂಟಯ್ಯ ಇಲ್ಲ ಎಂದದ್ದಕ್ಕಿಂತ, ಇಲ್ಲ ಎಂದ ಮೇಲೆ ಒಂದು ಲೋಟ ಮಜ್ಜಿಗೆ ಕೊಟ್ಟದ್ದು ಸುಂದರೇಶನನ್ನು ಹೆಚ್ಚು ಉರಿಸಿತು. ಮೂಲೆ ಸೈಟನ್ನು ಮಾರುತ್ತೀರಾ ಎಂದು ಕೇಳಲು ಅವನೇ ಇಳಿದುಬಂದು ಆ ಮನೆಯ ಜಗಲಿಯ ಮೇಲೆ ನಿಂತಿದ್ದ. ಮಂಟಯ್ಯ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಟವೆಲಿನಿಂದ ಒರೆಸಿ ಅವನತ್ತ ಸರಿಸಿದ.

"ನಾನೂ ಇವ್ಳೂ ಇಟ್ಟಿಗೆ ಹೊತ್ತು ಕಟ್ಟಿದ ಮನೆ ಸಾರ್. ಮಾರೋ ಮಾತು ಬುಡಿ. ಬಿಸಿಲಲ್ಲಿ ಬಂದಿದ್ದೀರಿ, ಮಜ್ಜಿಗೆ ಕುಡೀರಿ."

ಮಜ್ಜಿಗೆಗೆ ಕೊತ್ತಂಬರಿ ಸೊಪ್ಪು ಹಾಕಿತ್ತು. ಸುಂದರೇಶ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟ. ತನ್ನಂಥವನಿಗೆ ಇಲ್ಲ ಎನ್ನುವ ಹಕ್ಕು ಈ ಮನುಷ್ಯನಿಗೆ ಯಾರು ಕೊಟ್ಟರು ಎಂದು ಯೋಚಿಸುತ್ತ ಮನೆಗೆ ಬಂದ.

ಅವನು ಹುಟ್ಟಿದ್ದು ಚಾಮರಾಜಪುರಂನಲ್ಲಿ. ತಾತ ಅರಮನೆಯ ಕಟ್ಟಡಗಳ ಉಸ್ತುವಾರಿ ನೋಡಿಕೊಂಡಿದ್ದವರು. ಅಣ್ಣತಮ್ಮಂದಿರು ಪಾಲಾದ ಮೇಲೆ ಸುಂದರೇಶನಿಗೆ ದಕ್ಕಿದ್ದು ಮೇಟಗಳ್ಳಿಯ ಆಚೆ, ಕೆರೆ ಮುಚ್ಚಿ ಮಾಡಿದ ಬಡಾವಣೆಯಲ್ಲಿ ಒಂದು ಒಳ ಸೈಟು. ಅದರ ಮುಂದಿನ ಮೂಲೆ ಸೈಟು, ದೊಡ್ಡ ರಸ್ತೆಗೆ ಮುಖ ಮಾಡಿದ್ದು, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿದ ಮಂಟಯ್ಯನಿಗೆ ಸೈಟು ಹಂಚಿಕೆಯ ಲಾಟರಿಯಲ್ಲಿ ಬಂದಿತ್ತು. ಎರಡನ್ನೂ ಸೇರಿಸಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿ, ಮೇಲೆ ತನ್ನ ಹೆಸರಿನ ಫಲಕ ಹಾಕಬೇಕೆಂದು ಸುಂದರೇಶ ನಕ್ಷೆಯನ್ನೂ ಬರೆದಿಟ್ಟಿದ್ದ. ನಕ್ಷೆಯಲ್ಲಿ ಮಂಟಯ್ಯನ ಮನೆ ಇದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತಿದ್ದವು.

ಆಮೇಲೆ ಒಂದು ತಿಂಗಳಿಗೆ ಮಂಟಯ್ಯ ತಾನಾಗಿಯೇ ಬಂದ. ಅಡುಗೆಮನೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಎಂಜಿನಿಯರ್ ಸಾಹೇಬರು ಒಂಚೂರು ನೋಡಬೇಕು ಎಂದ. ಸುಂದರೇಶ ಮೂವತ್ತು ವರ್ಷದಿಂದ ಮಾಡುತ್ತಿದ್ದ ಕೆಲಸವೇ ಅದು, ಕೂತ ಪಾಯ ಎತ್ತುವುದು, ಬಿರಿದ ಗೋಡೆ ಹೊಲಿಯುವುದು. ಬಿರುಕನ್ನು ನೋಡಿದ. ನೋಡುತ್ತಿದ್ದಂತೆ ಇಡೀ ಉಪಾಯ ತಲೆಗೆ ಬಂತು.

ಕೆಳಗಿದ್ದದ್ದು ಎರೆಮಣ್ಣು. ನೀರು ಕುಡಿದರೆ ಉಬ್ಬಿ ಮನೆಯನ್ನೇ ಎತ್ತುತ್ತದೆ, ಒಣಗಿದರೆ ಕುಗ್ಗಿ ಕೈಬಿಡುತ್ತದೆ. ಸುಂದರೇಶನ ಮನೆ ಆಳಕ್ಕಿಳಿಸಿದ ಕಾಂಕ್ರೀಟ್ ಕಂಬಗಳ ಮೇಲೆ ನಿಂತಿತ್ತು, ಮಣ್ಣು ಏನು ಮಾಡಿದರೂ ಅದಕ್ಕೆ ಲೆಕ್ಕವಿಲ್ಲ. ಮಂಟಯ್ಯನ ಪಾಯ ಮೂರೇ ಅಡಿ ಆಳದ ಸೈಜುಗಲ್ಲಿನದು. ಮನೆಯ ಸುತ್ತ ಮಣ್ಣಿನ ತೇವ ಒಂದೇ ಸಮ ಇದ್ದರೆ ಅದು ಇನ್ನೂ ನಲವತ್ತು ವರ್ಷ ಬಾಳುವಂಥದ್ದು. ಒಂದೇ ಒಂದು ಮೂಲೆಗೆ ಹತ್ತು ದಿನ ನೀರು ಕುಡಿಸಿ, ಇಪ್ಪತ್ತು ದಿನ ಒಣಗಿಸಿ, ಮತ್ತೆ ಕುಡಿಸಿದರೆ ಆರು ತಿಂಗಳೂ ಬಾಳುವುದಿಲ್ಲ. ಸುತ್ತಿಗೆ ಬೇಡ, ಬೆಂಕಿ ಬೇಡ. ತಪ್ಪೆಲ್ಲ ಮಣ್ಣಿನದು.

"ಗೋಡೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿಸೋಣ," ಎಂದ ಸುಂದರೇಶ. "ಮಳೆನೀರು ಪಾಯಕ್ಕೆ ಇಳಿಯಬಾರದು. ನನ್ನ ಫೀಸು ಬೇಡ."

ಮಂಟಯ್ಯನ ಹೆಂಡತಿ ಚಲುವಮ್ಮ ಕೈಮುಗಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಅವನಿಗೆ ಅಸಹ್ಯವಾಯಿತು. ಇಷ್ಟು ಸುಲಭವಾಗಿ ನಂಬುವವರು ಮೋಸಹೋಗಲೆಂದೇ ಹುಟ್ಟಿದವರು ಎಂದುಕೊಂಡ.

ಪಟ್ಟಿಗೆ ಗುಂಡಿ ತೋಡಿದ್ದಾಗಲೇ ದಸರಾ ಬಂತು. ಮಂಟಯ್ಯನ ಮನೆಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಅಮರ್‌ ಸಮೇತ, ವರ್ಷವೂ ಹೋಗುವಂತೆ ನಾಗಪುರದ ದೀಕ್ಷಾಭೂಮಿಗೆ ಹೊರಟರು. ಗೇಟಿನ ಬೀಗದಕೈಯನ್ನು ಸುಂದರೇಶನ ಕೈಗೇ ಕೊಟ್ಟರು. ವಿಜಯದಶಮಿಯ ಮಧ್ಯಾಹ್ನ ಬೀದಿಯ ಜನವೆಲ್ಲ ಜಂಬೂಸವಾರಿಗೂ ಅಲ್ಲಿಂದ ಬನ್ನಿಮಂಟಪದ ಪಂಜಿನ ಕವಾಯತಿಗೂ ಹೋಗಿತ್ತು. ಅವನ ಹೆಂಡತಿ ಚಂದ್ರಮತಿಯೂ ತವರಿನವರ ಜೊತೆ ಹೋಗಿದ್ದಳು. ಸುಂದರೇಶ ಹಳೆಯ ಪ್ಯಾಂಟು ಹಾಕಿಕೊಂಡು ಗುದ್ದಲಿ ಹಿಡಿದ. ತೋಟಕ್ಕೆ ಹಾಕುವ ಕರಿಯ ಹನಿ ನೀರಾವರಿ ಪೈಪು, ಉದ್ದಕ್ಕೂ ತೂತು ಇದ್ದದ್ದು. ಅದನ್ನು ತನ್ನ ಕಾಂಪೌಂಡಿನ ಅಡಿಯಿಂದ ತೂರಿಸಿ, ಅವರ ಹಿತ್ತಲಿನ ಹನ್ನೆರಡು ಅಡಿ ದಾಟಿಸಿ, ಅಡುಗೆಮನೆಯ ಮೂಲೆಯಲ್ಲಿ ಸುರುಳಿ ಸುತ್ತಿ ಹೂತ. ಮೇಲೆ ಒಣಮಣ್ಣು, ಅದರ ಮೇಲೆ ಹಂಚಿನ ಚೂರು. ಕತ್ತಲಾಗುವ ಮೊದಲೇ ಸ್ನಾನ ಮಾಡಿ ಕಾಫಿ ಕುಡಿಯುತ್ತ ಕೂತಿದ್ದ. ವಾರದ ನಂತರ ಅದೇ ಮೂಲೆಯ ಗೋಡೆಯಂಚಿಗೆ ಮಂಟಯ್ಯನ ಖರ್ಚಿನಲ್ಲೇ ಕಾಂಕ್ರೀಟ್ ಬಿತ್ತು.

ಎಲ್ಲವನ್ನೂ ಅವನು ಯೋಚಿಸಿದ್ದ. ನೀರು ತನ್ನ ಬೋರ್‌ವೆಲ್ಲಿನದು, ಮೀಟರಿಲ್ಲ. ವಾಲ್ವು ಕಾರು ತೊಳೆಯುವ ನಲ್ಲಿಯ ಪಕ್ಕದಲ್ಲಿತ್ತು. ಬೆಳಿಗ್ಗೆ ಏಳಕ್ಕೆ, ಹಾಲಿನವನೂ ಪೇಪರಿನವನೂ ನೋಡುತ್ತಿರುವಾಗಲೇ, ಅದನ್ನು ತಿರುಗಿಸುತ್ತಿದ್ದ. ಬಚ್ಚಿಟ್ಟುಕೊಳ್ಳುವುದು ದಡ್ಡರ ಕೆಲಸ.

ನವೆಂಬರಿನಲ್ಲಿ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಗೋಡೆ ಹತ್ತಿತು. ಸುಂದರೇಶ ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಅಂಟಿಸಿದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ ಎಂದು ವಿವರಿಸಿದ. ಮಂಟಯ್ಯ ಒಡೆದ ಒಂದೊಂದು ಗಾಜಿನ ಪಕ್ಕದಲ್ಲೂ ಪೆನ್ಸಿಲಿನಿಂದ ತಾರೀಕು ಬರೆಯತೊಡಗಿದ. ಕಾರ್ಖಾನೆಯಲ್ಲಿ ಬೇರೆಯವರ ಯಂತ್ರದ ಮುಂದೆ ನಿಂತು ಕಲಿತ ಗುಮಾಸ್ತನ ಬುದ್ಧಿ ಎಂದು ಸುಂದರೇಶ ಒಳಗೇ ನಕ್ಕ. ಡಿಸೆಂಬರಿನಲ್ಲಿ ಅಡುಗೆಮನೆಯ ಬಾಗಿಲು ಹಾಕಲಾಗಲಿಲ್ಲ. ಜನವರಿಯಲ್ಲಿ ನೆಲದ ಟೈಲ್ಸ್ ಎದ್ದು ಸಿಡಿದವು. ನಡುಮನೆಯಲ್ಲಿದ್ದ ಬುದ್ಧನ ಪಟವನ್ನು ಮಂಟಯ್ಯ ದಿನವೂ ನೆಟ್ಟಗೆ ಮಾಡುತ್ತಿದ್ದ. ಮಾರನೆಯ ದಿನ ಗೋಡೆ ಅದನ್ನು ಮತ್ತೆ ಓರೆ ಮಾಡಿರುತ್ತಿತ್ತು.

"ಎಲ್ಲಾರ ಪೈಪು ಗಿಪು ಒಡ್ದಿರಬೋದಾ ಸಾರ್?" ಎಂದು ಅಮರ್ ಒಮ್ಮೆ ಕೇಳಿದ. "ನಮ್ ಡಿಪೋದಲ್ಲಿ ಗಾಡಿ ಎಲ್ಲಿ ಸೋರ್ತದೆ ಅಂತ ಮೊದ್ಲು ನೋಡ್ತೀವಿ."

"ಇದು ಬಸ್ಸಲ್ಲಪ್ಪ," ಎಂದ ಸುಂದರೇಶ. "ನೀನು ನಟ್ಟು ಬೋಲ್ಟು ನೋಡ್ಕೋ."

ಅಮರ್ ತಲೆ ತಗ್ಗಿಸಿ ನಕ್ಕ. ಆದರೂ ಆ ಪ್ರಶ್ನೆಯನ್ನು ಮುಚ್ಚಿಬಿಡುವುದು ಒಳ್ಳೆಯದೆಂದು ಸುಂದರೇಶನಿಗೆ ಅನ್ನಿಸಿತು. ಸೋರಿಕೆ ಎಂದಾದರೆ ರಿಪೇರಿಗೆ ದಾರಿಯಿದೆ. ಬೇರೆ ಎಂಜಿನಿಯರನನ್ನು ಕರೆದರೂ ಅವನು ಮೊದಲು ಕೇಳುವುದು ಅದನ್ನೇ. ಅದಕ್ಕೆ ಅವನು ಲೆಟರ್‌ಹೆಡ್ಡಿನಲ್ಲಿ ಎರಡು ಪುಟದ ವರದಿ ಬರೆದ. ಹಿತ್ತಲನ್ನೂ ಪಕ್ಕದ ನಿವೇಶನವನ್ನೂ ತಾನು ಖುದ್ದಾಗಿ ಪರಿಶೀಲಿಸಿದ್ದೇನೆ, ಹೊರಗಿನ ನೀರಿನ ಮೂಲ ಎಲ್ಲಿಯೂ ಇಲ್ಲ, ದೋಷ ಮಣ್ಣಿನ ಸಹಜ ಗುಣದ್ದು, ಪಾಯ ರಿಪೇರಿಗೆ ಮೀರಿದೆ. ಕೆಳಗೆ ಸಹಿ, ಮೊಹರು. ಮಂಟಯ್ಯ ಅದನ್ನು ಎರಡು ಸಲ ಓದಿ, ಮಾರನೆಯ ದಿನ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದ.

"ದೊಡ್ಡೋರ ಕೈಬರಹ ಸಾರ್, ಕೆಡಬಾರ್ದು."

ತಮ್ಮ ಮರಣಶಾಸನಕ್ಕೆ ಪ್ಲಾಸ್ಟಿಕ್ ಹೊದಿಸಿಕೊಳ್ಳುವ ಜನ ಎಂದು ಸುಂದರೇಶ ಮನೆಗೆ ಬಂದು ಹೆಂಡತಿಗೆ ಹೇಳಬೇಕೆಂದಿದ್ದ. ಹೇಳುವಂತಿರಲಿಲ್ಲ.

ಈ ನಡುವೆ ಚಲುವಮ್ಮನ ಡಬ್ಬಿಗಳು ನಿಲ್ಲದೆ ಬರುತ್ತಿದ್ದವು. ಫೀಸು ತೆಗೆದುಕೊಳ್ಳದವರಿಗೆ ಬೇರೇನು ಕೊಡಲಿ ಎಂಬುದು ಅವಳ ಲೆಕ್ಕ. ಚಳಿಯಲ್ಲಿ ಅವರೆಕಾಳು ಉಪ್ಪಿಟ್ಟು, ಸಂಕ್ರಾಂತಿಗೆ ಎಳ್ಳು, ಆಮೇಲೆ ವಾರಕ್ಕೆರಡು ಸಲ ಒಂದೆಲಗದ ಚಟ್ನಿ. ಆ ಮನೆಯ ಡಬ್ಬಿ ತನ್ನ ಊಟದ ಮೇಜಿನ ಮೇಲೆ ಕೂರುವುದು ಸುಂದರೇಶನಿಗೆ ಸೇರುತ್ತಿರಲಿಲ್ಲ. ಚಟ್ನಿ ಮಾತ್ರ ಸೇರುತ್ತಿತ್ತು. ಬಿಸಿ ಅನ್ನಕ್ಕೆ ಎಳ್ಳೆಣ್ಣೆ ಹಾಕಿ ಕಲಸಿಕೊಂಡು ಡಬ್ಬಿಯ ಅಂಚನ್ನು ಬೆರಳಿನಿಂದ ಬಳಿಯುತ್ತಿದ್ದ.

"ಬೈಕೊಂಡೇ ತಿಂತೀರಲ್ರೀ," ಎಂದಳು ಚಂದ್ರಮತಿ. "ಈ ಬಿಸಿಲಲ್ಲಿ ದೇವರಾಜ ಮಾರ್ಕೆಟ್ಟಿನಲ್ಲೂ ಬಾಡಿದ ಕಟ್ಟು. ಈಕೆಯದು ಎಷ್ಟು ಹಸಿರು ನೋಡಿ. ಜ್ಞಾಪಕಶಕ್ತಿಗೆ ಒಳ್ಳೇದಂತೆ."

"ನನ್ನ ಜ್ಞಾಪಕಶಕ್ತಿಗೆ ಏನಾಗಿದೆ?" ಎಂದು ಅವನು ಮತ್ತೊಂದು ತುತ್ತು ಕಲಸಿದ. ಸೊಪ್ಪು ಸದೆಯ ಮಾತು ಹೆಂಗಸರಿಗೆ. ಅವನ ತಲೆ ಅಂದು ವಾಲ್ವು ಮುಚ್ಚುವ ದಿನವೋ ತೆರೆಯುವ ದಿನವೋ ಎಂಬುದರಲ್ಲಿತ್ತು. ಒಂದು ದಿನವೂ ತಪ್ಪಿರಲಿಲ್ಲ.

ಮಾರ್ಚಿನ ಕೊನೆಗೆ ಮಂಟಯ್ಯ ಸೋತ. ಜಗಲಿಯ ಮೇಲೆ ಅದೇ ಕುರ್ಚಿಯನ್ನು ಸರಿಸಿ, ತಾನು ನೆಲದ ಮೇಲೆ ಕೂತ.

"ಮೊಮ್ಮಗು ಅಡುಗೆಮನೇಲಿ ಅಂಬೆಗಾಲಿಕ್ತದೆ ಸಾರ್. ಗೋಡೆ ಬಿದ್ರೆ ಎಂಗೆ? ಸಾರ್‌ಗೇ ಕೊಟ್ಬುಡವ ಅಂದ್ಬುಟ್ಟೆ ಇವ್ಳಿಗೆ. ಬೇರೆಯೋರಿಗೆ ಒಡಕಲು ಮನೆ ಮಾರೋಕೆ ಮನಸ್ಸು ಬರಾಕಿಲ್ಲ. ನಿಮ್ಗೆ ಗೊತ್ತಿದ್ದೇ ತಗಳ್ತೀರಿ."

ಮಾತಾಡುತ್ತ ಅವನ ಅಂಗೈ ಪಕ್ಕದ ಗೋಡೆಯನ್ನು ಸವರುತ್ತಿತ್ತು, ಕಾಯಿಲೆಯ ಎತ್ತಿನ ಬೆನ್ನು ಸವರುವಂತೆ. ಸುಂದರೇಶ ಮುಖ ತಿರುಗಿಸಿ ರಸ್ತೆಯ ಕಡೆ ನೋಡಿದ. ಫಲಕ ಎಷ್ಟು ಎತ್ತರದಲ್ಲಿದ್ದರೆ ಬಸ್ಸಿನಿಂದ ಕಾಣುತ್ತದೆ ಎಂದು ಅಳೆಯುತ್ತಿದ್ದ. ಖಾಲಿ ನಿವೇಶನದ ಬೆಲೆಗೂ ಕಡಿಮೆ ಹೇಳಿದ. ಮಂಟಯ್ಯ ಒಪ್ಪಿ, ಮನೆಯ ಕಿಟಕಿ ಬಾಗಿಲು ಒಳ್ಳೇ ಹೊನ್ನೆಮರದ್ದು, ಕೆಡವಿಸುವಾಗ ಹಾಳುಮಾಡಿಸಬೇಡಿ, ಯಾರಾದರೂ ಬಡವರಿಗೆ ಕೊಟ್ಟುಬಿಡಿ ಎಂದಷ್ಟೇ ಕೇಳಿಕೊಂಡ.

ನೋಂದಣಿಗೆ ಏಪ್ರಿಲ್ ಮಧ್ಯದ ಒಂದು ಸೋಮವಾರ ಗೊತ್ತಾಯಿತು. ಅದಕ್ಕೆ ಮೊದಲು ಪೈಪನ್ನು ಎಳೆದು ತೆಗೆಯಬೇಕೇ ಎಂದು ಸುಂದರೇಶ ಯೋಚಿಸಿ, ಬೇಡವೆಂದು ತೀರ್ಮಾನಿಸಿದ. ಇನ್ನೊಂದು ವಾರಕ್ಕೆ ಆ ನೆಲವೇ ತನ್ನದು. ತನ್ನ ನೆಲದಲ್ಲಿ ತಾನು ಹೂತ ಪೈಪು ಕಳ್ಳತನ ಹೇಗಾಗುತ್ತದೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕ್ರಯಪತ್ರದ ಕರಡನ್ನೂ ತನ್ನ ವರದಿಯ ಪ್ರತಿಯನ್ನೂ ಮೇಜಿನ ಮೇಲೆ ಹರಡಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ. ಚಲುವಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಒಂದು ಕೈಯಲ್ಲಿ ಚಟ್ನಿಯ ಡಬ್ಬಿ, ಇನ್ನೊಂದರಲ್ಲಿ ಹಳೆಯ ಪೇಂಟಿನ ಡಬ್ಬ. ಅದರ ತುಂಬ ಕರಿಯ ಜಿಗುಟು ಮಣ್ಣು, ಮಣ್ಣಿನ ಮೇಲೆ ದುಂಡನೆಯ ಹಸಿರು ಎಲೆಗಳು.

"ಈ ಸೊಪ್ಪಿಲ್ದೆ ನಿಮ್ಗೆ ಅನ್ನ ಇಳಿಯಾಕಿಲ್ಲ ಅಂದ್ರು ಚಂದ್ರಕ್ಕ. ನಾವೋದ ಮೇಲೆ ಚಟ್ನಿ ಯಾರು ಕಳಿಸ್ತಾರೆ? ಅದಕ್ಕೇ ಬೇರು ಸಮೇತ ತಂದೆ ಸಾರ್. ದಿನಾ ನೀರಾಕಿ. ಒಂದೆಲಗಕ್ಕೆ ಕಾಲು ಒದ್ದೆ ಇರ್ಬೇಕು, ಪೂರ್ತಿ ಒಣಗಿದ್ರೆ ಬದುಕಾಕಿಲ್ಲ." ಅವಳು ಡಬ್ಬವನ್ನು ಮೇಜಿನ ಮೇಲೆ, ಹೊರಗಿನ ನೀರಿನ ಮೂಲ ಎಲ್ಲಿಯೂ ಇಲ್ಲ ಎಂಬ ಸಾಲಿನ ಪಕ್ಕದಲ್ಲಿ, ಕಾಗದಕ್ಕೆ ಮಣ್ಣು ತಾಗದಂತೆ ಜೋಪಾನವಾಗಿ ಇಟ್ಟಳು. "ಈ ಬಿಸಿಲಲ್ಲೂ ಎಂಗೆ ಬೆಳ್ದದೆ ನೋಡಿ. ಅಡುಗೆಮನೆ ಮೂಲೆಯಿಂದ ನಿಮ್ ಕಾಂಪೌಂಡ್‌ಗಂಟ ದಾರ ಹಿಡ್ದಂಗೆ ಒಂದೇ ಸಾಲು, ಆಕಡೆ ಈಕಡೆ ಒಂದೆಲೆ ಇಲ್ಲ. ನಂಗೂ ಒಂದಿಷ್ಟು ಇರ್ಲಿ ಅಂತ ಅಮರನ್ನ ಕೀಳೋಕೆ ಬುಟ್ಟಿವ್ನಿ. ಅವ್ನು ಈ ಸಾಲು ಎಲ್ಲಿಂದ ಸುರುವಾಗ್ತದೆ ನೋಡೇಬುಡ್ತೀನಿ ಅಂತ ಅಗೀತಾ ಅವ್ನೆ. ಅವರಪ್ಪ ಗೋಡೆ ಮೇಲಿನ ತಾರೀಕೆಲ್ಲ ಚೀಟಿಗೆ ಇಳಿಸ್ಕೊಂಡು ಪಕ್ಕದಲ್ಲೇ ನಿಂತವ್ರೆ." ಸುಂದರೇಶ ತಟ್ಟೆ ಸರಿಸಿ ಕಿಟಕಿಯತ್ತ ತಿರುಗಿದ. ಕಿಟಕಿಯಾಚೆ, ಕಾಂಪೌಂಡಿನ ಬುಡದಲ್ಲಿ, ಗುದ್ದಲಿಯ ಸದ್ದು ನಿಂತಿತ್ತು.