ತಾತ ತೋರಿಸಿದ ಕೆಂಪು ಕಣಿವೆ

ಬಸ್ಸು ಕಲ್ಲಿನ ಶಿಲುಬೆಯ ಹತ್ತಿರ ಎಡಕ್ಕೆ ಹೊರಳಿ ಮಣ್ಣುದಾರಿಗೆ ಇಳಿದಾಗ ಬೊಗ್ನಾಳ ಎದೆ ಧಸಕ್ ಎಂದಿತು.

ಈ ದಾರಿ ಅವಳಿಗೆ ಗೊತ್ತು. ಈ ದಾರಿ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಗೊತ್ತು. ಅಲ್ಲಿಗೆ ಇನ್ನೊಬ್ಬರು ಹೋಗುವ ಹಾಗೇ ಇರಲಿಲ್ಲ!

ಪಕ್ಕದಲ್ಲಿ ಕೂತಿದ್ದ ತಿಮೊನ್‌ನತ್ತ ತಿರುಗಿದಳು. ಅವನು ತಲೆ ತಗ್ಗಿಸಿ ಕ್ಯಾಮೆರಾದ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ.

"ಯಾರಿಗೆ ಹೇಳಿದ್ರಿ?" ಎಂದಳು ಮೆಲ್ಲಗೆ.

ಎರಡು ವರ್ಷದಿಂದ 'ನೀನು' ಅನ್ನಿಸಿಕೊಂಡವನು ಬೆಚ್ಚಿಬಿದ್ದ. ಬೊಗ್ನಾ ಬಹುವಚನಕ್ಕೆ ಹೋದಳು ಅಂದರೆ ಕೋಪ ನೆತ್ತಿಗೇರಿದೆ ಎಂದೇ ಅರ್ಥ.

"ಯಾರಿಗೂ ಹೇಳಿಲ್ಲ, ಬೊಗ್ನಾ."

"ಹಾಗಾದ್ರೆ ಬಸ್ಸಿಗೆ ಕನಸು ಬಿತ್ತಾ?"

ಅವನು ಮತ್ತೆ ಗಾಜು ಒರೆಸತೊಡಗಿದ.

ಕ್ರೊಸ್ನೊ ಊರಿನ ಫೋಟೊ ಸಂಘ ಪ್ರತಿ ಅಕ್ಟೋಬರಿನಲ್ಲೂ ಎಲೆ ಕೆಂಪಾದ ಕಾಡಿಗೆ ಹೋಗುತ್ತದೆ. ಈ ಸಲದ ಜಾಗದ ಬಗ್ಗೆ ಸಂಘ ನಡೆಸುವ ಹಾಲಿನಾ ಟೀಚರ್ ಬಾಯಿಬಿಟ್ಟಿರಲಿಲ್ಲ. ಹೋದ ಮೇಲೆ ನೋಡಿ, ಕಣ್ಣು ತಂಪಾಗುತ್ತೆ ಅಂದಿದ್ದರು, ಅಷ್ಟೇ.

ಬೊಗ್ನಾಳ ಕಣ್ಣು ತಂಪಾಗಲಿಲ್ಲ. ಉರಿಯಿತು.

ಕೇಳಿದರೆ ಆ ಸೀಮೆಯ ಜನ ಕುದುರೆಯನ್ನೂ ಕೊಟ್ಟಾರು, ಅಣಬೆ ಎಲ್ಲಿ ಆರಿಸಿದಿರಿ ಎಂದರೆ ಮಾತ್ರ "ಕಾಡಲ್ಲಿ" ಎಂದು ನಕ್ಕು ಸುಮ್ಮನಾಗುತ್ತಾರೆ. ಅಣಬೆಯ ಜಾಗ ಮನೆತನದ ಗುಟ್ಟು. ಮನೆಯವರಿಗೆ ಬಿಟ್ಟು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಬೊಗ್ನಾ ಚಿಕ್ಕವಳಿದ್ದಾಗ ಅವಳ ಸೆವೆರಿನ್ ತಾತ ಕಾಡೆಲ್ಲ ಸುತ್ತಿಸಿ, ದಾರಿ ತಪ್ಪಿಸಿ, ಕೊನೆಗೆ ಈ ಕಣಿವೆಗೆ ಕರೆದುಕೊಂಡು ಬಂದಿದ್ದ. ಸುತ್ತ ಬೂಕ್ ಎಂಬ ದೊಡ್ಡ ಮರಗಳು, ತಲೆಯ ಮೇಲೆ ತಾಮ್ರದಂಥ ಎಲೆಗಳು, ಕಾಲ ಬುಡದಲ್ಲಿ ದಪ್ಪ ಕಂದು ಟೊಪ್ಪಿಯ ಅಣಬೆಗಳು. ಇದು ನಮ್ಮದು ಮಾತ್ರ ಕಂದಾ, ನಾನು ಹೋದ ಮೇಲೆ ನಿನ್ನದು ಎಂದಿದ್ದ.

ತಾತ ಹೋದ ವರ್ಷ ತೀರಿಕೊಂಡ. ಆ ವರ್ಷದ ಅಕ್ಟೋಬರಿನಲ್ಲೇ ಅವಳು ತಿಮೊನ್‌ನ ಕೈ ಹಿಡಿದು ಇಲ್ಲಿಗೆ ಕರೆತಂದಿದ್ದಳು. ಮನೆಯವರಿಗೆ ಮಾತ್ರ ತೋರಿಸುವ ಜಾಗ ಎಂದು ಹೇಳಿಯೇ ತೋರಿಸಿದ್ದಳು. ಇದಕ್ಕಿಂತ ಬಿಡಿಸಿ ಒಬ್ಬ ಹುಡುಗಿ ಇನ್ನು ಹೇಗೆ ಹೇಳಬೇಕು? ಅವನು ಬೆರಗಾಗಿ ನಿಂತಿದ್ದ, ಅವಳನ್ನು ಅಪ್ಪಿಕೊಂಡಿದ್ದ... ಮದುವೆಯ ಮಾತು ಮಾತ್ರ ಎತ್ತಲಿಲ್ಲ. ಇವತ್ತಿಗೂ ಎತ್ತಿಲ್ಲ.

'ಈಗ ಗೊತ್ತಾಯ್ತು ಯಾಕೆ ಅಂತ. ಅವನಿಗೆ ಬೇಕಾಗಿದ್ದು ನಾನಲ್ಲ, ಒಳ್ಳೆ ಫೋಟೊ ಸಿಗೋ ಜಾಗ!'

ಕಣಿವೆಯಲ್ಲಿ ಸಂಘದವರೆಲ್ಲ ಹರಡಿಕೊಂಡರು. ತಾತ ಬೆರಳಿಂದ ಎಲೆ ಸರಿಸಿ ಹೆಜ್ಜೆ ಇಡುತ್ತಿದ್ದ ನೆಲದ ಮೇಲೆ ಕ್ಯಾಮೆರಾ ಸ್ಟ್ಯಾಂಡುಗಳು ನಿಂತವು. ಸಂಘದ ಹಲ್ಲಿನ ಡಾಕ್ಟರೊಬ್ಬರು ಎಲೆ ಉದುರುವ ಚಿತ್ರ ಬೇಕೆಂದು ಎಳೆಯ ಮರವೊಂದನ್ನು ಹಿಡಿದು ಅಲ್ಲಾಡಿಸತೊಡಗಿದರು.

"ಮರ ಬಿಡಿ ಡಾಕ್ಟ್ರೇ, ಅದೇನು ನಿಮ್ಮ ಪೇಶಂಟಿನ ಹಲ್ಲಾ?" ಎಂದು ಬೊಗ್ನಾ ಕೂಗಿದ್ದಕ್ಕೆ ಅವರು ಕೈ ಬಿಟ್ಟು ಪೆಚ್ಚಾಗಿ ನಿಂತರು.

ಅವಳು ತನ್ನ ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲ. ದಿಬ್ಬ ಹತ್ತಿ ಹೋದಳು. ತಿಮೊನ್ ಹಿಂದೆಯೇ ಬಂದ.

"ನಾನು ಹೇಳಿಲ್ಲ. ಅಷ್ಟು ಮಾತ್ರ ನಂಬು."

"ಮತ್ತೆ ಯಾರು ಹೇಳಿದ್ದು? ಗೊತ್ತಿದ್ದಿದ್ದು ಮೂರು ಜನಕ್ಕೆ. ಒಬ್ಬರು ಮಣ್ಣಲ್ಲಿದ್ದಾರೆ. ನಾನು ಹೇಳಿಲ್ಲ. ಲೆಕ್ಕ ನೀವೇ ಹಾಕಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿದ.

"ಭಾನುವಾರ ನಮ್ಮನೆಗೆ ಊಟಕ್ಕೆ ಬರಬೇಡಿ. ಅಮ್ಮನಿಗೆ ನಾನೇ ಹೇಳ್ತೀನಿ," ಎಂದು ದಡದಡ ಇಳಿದು ಹೋದಳು. ಅಳು ಬರುತ್ತಿತ್ತು. ಅವನೆದುರು ಅಳುವುದಕ್ಕಿಂತ ಹಳ್ಳಕ್ಕೆ ಬೀಳುವುದೇ ವಾಸಿ ಎನ್ನಿಸಿತ್ತು.

ಮಧ್ಯಾಹ್ನ ಬೆಂಕಿ ಹಾಕಿ ಎಲ್ಲರೂ ಕಡ್ಡಿಗೆ ಸಾಸೇಜು ಚುಚ್ಚಿಕೊಂಡು ಕೂತರು. ಬೊಗ್ನಾ ಕೂರಲಿಲ್ಲ. ಎಲ್ಲರೆದುರೂ ತಿಮೊನ್‌ನ ಮುಖವಾಡ ಕಳಚಲೇಬೇಕು ಎಂದು ನಿರ್ಧರಿಸಿ ನಿಂತೇ ಕೇಳಿದಳು.

"ಟೀಚರ್, ಈ ಜಾಗ ನಿಮಗೆ ತೋರಿಸಿದ್ದು ಯಾರು?"

ಹಾಲಿನಾ ಟೀಚರ್ ಮುಖ ಕೆಂಪಾಯಿತು. ಬ್ರೆಡ್ಡಿನ ಚೂರು ಚಿವುಟುತ್ತಾ ಹೇಳಿದರು.

"ನಮ್ಮಮ್ಮ. ನಾನು ಚಿಕ್ಕೋಳಿದ್ದಾಗ ಕಣ್ಣಿಗೆ ಬಟ್ಟೆ ಕಟ್ಟಿ ಕರ್ಕೊಂಡು ಬಂದಿದ್ಳು. ನಮ್ಮನೆಯೋರಿಗೆ ಬಿಟ್ಟು ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ಳು. ನನಗೆ ಮಕ್ಕಳಿಲ್ಲ. ಮಂಡಿನೂ ಹೋಯ್ತು. ನನ್ನ ಜೊತೆಗೇ ಈ ಗುಟ್ಟು ಸತ್ತುಹೋಗೋದು ಬೇಡ ಅನ್ನಿಸ್ತಮ್ಮಾ."

ಬಸ್ಸಿನ ಡ್ರೈವರ್ ಲುಡ್ವಿಕ್ ಕೈಯಲ್ಲಿದ್ದ ಸಾಸೇಜು ಬೆಂಕಿಗೆ ಬಿತ್ತು.

"ನಿಮ್ಮಮ್ಮನ ಜಾಗಾನಾ? ಟೀಚರ್, ಇದು ನಮ್ಮಪ್ಪನ ಜಾಗ! ನೀವು ದಾರಿ ಹೇಳಿದಾಗ, ಬಾಯಿಬಿಟ್ರೆ ಗುಟ್ಟು ಹೊರಬೀಳುತ್ತೆ ಅಂತ ಸುಮ್ಮನೆ ಬಸ್ಸು ಓಡಿಸ್ದೆ."

ಹಲ್ಲಿನ ಡಾಕ್ಟರು ಕೆಮ್ಮಿದರು. ಅವರ ಕೆಮ್ಮು ಯಾಕೋ ಬೇಗ ನಿಲ್ಲಲಿಲ್ಲ. ಕೊನೆಗೆ, ತಮ್ಮ ಮಾವನೂ ಸಾಯುವ ಮುಂಚೆ ಇಲ್ಲಿಗೇ ಕರೆತಂದಿದ್ದ ಎಂದು ಒಪ್ಪಿಕೊಂಡರು.

ಆಮೇಲೆ ನಡೆದದ್ದು ಜಾತ್ರೆ. ಇಷ್ಟು ವರ್ಷ ನನ್ನ ಅಣಬೆ ಕುಯ್ದವನು ನೀನಾ ಎಂದು ಇವರು, ನನಗಿಂತ ಮುಂಚೆ ಎದ್ದು ಬರುತ್ತಿದ್ದವಳು ನೀನಾ ಎಂದು ಅವರು. ಊರಿಗೆ ಊರೇ ಒಂದೇ ಕಣಿವೆಗೆ ಕದ್ದು ಬಂದು, ಕದ್ದು ಹೋಗಿ, ತನ್ನೊಬ್ಬನದೇ ಎಂದು ಬೀಗುತ್ತಿತ್ತು.

ಬೊಗ್ನಾಗೆ ನಗು ಬರಲಿಲ್ಲ. ತಾತ ಬಿಟ್ಟುಹೋದದ್ದು ಇದೊಂದೇ. ಅದೂ ಅವಳದಾಗಿರಲಿಲ್ಲ.

ತಿಮೊನ್‌ನನ್ನು ನೋಡಿದಳು. ಎಲ್ಲರ ಮುಖದಲ್ಲೂ ಆಶ್ಚರ್ಯವಿತ್ತು. ಅವನ ಮುಖದಲ್ಲಿ ಇರಲಿಲ್ಲ.

ಅವನ ತೋಳು ಹಿಡಿದು ಮರಗಳ ಹಿಂದಕ್ಕೆ ಎಳೆದುಕೊಂಡು ಹೋದಳು.

"ನಿನಗೆ ಮೊದಲೇ ಗೊತ್ತಿತ್ತು."

"ನಮ್ಮ ವಾಂದಾ ಅತ್ತೆ ತೋರಿಸಿದ್ಲು. ನಾನಾಗ ಇನ್ನೂ ಸ್ಕೂಲಿಗೂ ಸೇರಿರ್ಲಿಲ್ಲ."

"ಹೋದ ವರ್ಷ ನಾನು ಕರ್ಕೊಂಡು ಬಂದಾಗ ಬಾಯಿಬಿಟ್ಟು ನಿಂತಿದ್ಯಲ್ಲ... ಎಲ್ಲಾ ನಾಟಕನಾ?"

"ನೀನು ತಾತನ ಹೆಸರು ಹೇಳ್ಕೊಂಡು ಅಳ್ತಿದ್ದೆ, ಬೊಗ್ನಾ. ನಮ್ಮತ್ತೆಗೂ ಈ ಜಾಗ ಗೊತ್ತು ಅಂತ ಆಗ ಹೇಳಬೇಕಿತ್ತಾ?"

"ಇವತ್ತು ಹೇಳಬಹುದಿತ್ತಲ್ಲ! ಬೆಳಗ್ಗೆಯಿಂದ ಕಳ್ಳ ಅಂತ ಬೈತಿದ್ದೀನಿ. ಒಂದು ಮಾತು ಹೇಳಿದ್ರೆ ನೀನು ಬಚಾವಾಗ್ತಿದ್ದೆ."

"ನಾನು ಬಚಾವಾಗ್ತಿದ್ದೆ," ಎಂದ ಅವನು. "ನಿನ್ನ ತಾತ?"

ಬೊಗ್ನಾಳಿಗೆ ಇನ್ನೂ ದೊಡ್ಡ ಕೋಪ ಬಂತು. ಪ್ರೀತಿಯ ಕೋಪವನ್ನು ಕಂಡವರಿಗೆ ಗೊತ್ತು, ಅದು ತಪ್ಪಿಲ್ಲದವನ ಮೇಲೇ ಜಾಸ್ತಿ ಬರುತ್ತದೆ.

"ನನ್ನ ತಾತ ನಮ್ಮೂರಲ್ಲಿ ಅಣಬೆ ಆರಿಸೋ ಎಲ್ಲಾ ಮುದುಕರ ಹಾಗೇ ಇದ್ದ. ಅದನ್ನ ತಡ್ಕೊಳ್ಳೋ ಶಕ್ತಿ ನನಗಿಲ್ಲ ಅಂತ ನೀನೇ ತೀರ್ಮಾನ ಮಾಡಿಬಿಟ್ಯಾ? ನನ್ನ ದುಃಖ ನನ್ನದು, ತಿಮೊನ್. ಇನ್ನೊಂದು ಸಲ ನನ್ನನ್ನ ಕೇಳದೆ ಅದನ್ನ ನೀನೊಬ್ಬನೇ ಹೊತ್ಕೊಂಡ್ರೆ, ಆಗ ನಿಜವಾಗಲೂ ಬಿಟ್ಟುಹೋಗ್ತೀನಿ."

"ಇನ್ಮೇಲೆ ಹೊತ್ಕೊಳ್ಳಲ್ಲ."

"ಸುಳ್ಳು ಹೇಳಿದೆ ನನಗೆ. ಒಂದು ವರ್ಷ!"

"ಹೌದು. ಅದಕ್ಕೇ ಮದುವೆ ಮಾತು ಎತ್ತೋಕೂ ಆಗಲಿಲ್ಲ. ಮನೆಯೋರಿಗೆ ಮಾತ್ರ ತೋರಿಸೋ ಜಾಗ ಅಂದೆ. ಅಷ್ಟು ನಂಬಿ ಕರ್ಕೊಂಡು ಬಂದವಳಿಗೆ ಅಲ್ಲೇ ಸುಳ್ಳು ಹೇಳಿ ನಿಂತಿದ್ದೆ. ಯಾವ ಮುಖ ಇಟ್ಕೊಂಡು ಕೇಳಲಿ? ಪ್ರತಿ ಭಾನುವಾರ ನಿಮ್ಮಮ್ಮನ ಸೂಪು ಕುಡಿದು, ಇವತ್ತು ನಿಜ ಹೇಳ್ತೀನಿ ಅಂದ್ಕೊಂಡು, ಹೇಳದೇ ಎದ್ದು ಬರ್ತಿದ್ದೆ."

ಗಾಳಿ ಬೀಸಿ ತಾಮ್ರದ ಎಲೆಗಳು ಇಬ್ಬರ ಮೇಲೂ ಉದುರಿದವು. ಆ ಕಡೆ ಲುಡ್ವಿಕ್ ಮತ್ತು ಟೀಚರ್ ಮುಂದಿನ ವರ್ಷದ ಅಣಬೆ ಯಾರಿಗೆಷ್ಟು ಎಂದು ಇನ್ನೂ ಜಗಳವಾಡುತ್ತಿದ್ದರು.

ಅವಳು ಅವನ ಕೋಟಿನ ಎದೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಗುದ್ದಲು ಹಿಡಿದಳೋ, ಬಿಡದೆ ಇಟ್ಟುಕೊಳ್ಳಲು ಹಿಡಿದಳೋ, ಅವಳಿಗೇ ತಿಳಿಯಲಿಲ್ಲ.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀಯಾ?"

"ಇನ್ನು ಆ ಒಂದು ಪ್ರಶ್ನೆ ಮಾತ್ರ."

"ಹಾಗಾದ್ರೆ ಕೇಳು. ಈಗಲೇ ಕೇಳು."

"ನೀನಿನ್ನೂ ಕೋಪದಲ್ಲಿದ್ದೀಯ..."

"ಅದಕ್ಕೇ ಹೇಳ್ತಿದ್ದೀನಿ, ಈ ಕೋಪ ಇಳಿಯೋಕೆ ಮುಂಚೆ ಕೇಳು," ಎಂದಳು ಬೊಗ್ನಾ. "ಇಳಿದ ಮೇಲೆ ಅತ್ತುಬಿಡ್ತೀನಿ, ಉತ್ತರ ಹೇಳೋಕಾಗಲ್ಲ."

ಅವನು ಕೇಳಿದ. ಅವಳು ಹಲ್ಲು ಕಚ್ಚಿಕೊಂಡೇ "ಹೂಂ" ಎಂದಳು. ಎಂದ ಮೇಲೆ, ಹೇಳಿದ ಹಾಗೆಯೇ, ಅವನ ಎದೆಗೆ ಮುಖ ಒತ್ತಿ ಅತ್ತಳು.