ಹಿಡಿಯುವವರಿಲ್ಲದ ವಿಮಾನ

"ಯಾಕಲೇ ಮಗನ, ಎಡಕ್ಕ ಹೊಳ್ಳು ಅಂದ್ರ ಕಿವಿ ಕೇಳಂಗಿಲ್ಲೇನು?"

ಭರತೇಶ ತನ್ನ ರಿಮೋಟ್ ವಿಮಾನವನ್ನು ಬೈದ ಅಬ್ಬರಕ್ಕೆ ಬೆಹಾಲಾ ಬಡಾವಣೆಯ ಮೈದಾನವಿರಲಿ, ಹೌರಾ ಸೇತುವೆಯೇ ಒಂದು ಗೇಣು ಜರುಗಿತು ಅನ್ನಿ! ವಾರವಿಡೀ ಐಟಿ ಕಚೇರಿಗಳ ಸೆಕ್ಟರ್ ಫೈವ್‌ನಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಅರ್ಧ ಅಮೆರಿಕದ ಕಂಪ್ಯೂಟರುಗಳನ್ನು ಒಬ್ಬನೇ ರಿಪೇರಿ ಮಾಡುವ ಧಾರವಾಡದ ಈ ಮಹಾವೀರನ ಕನ್ನಡಕ್ಕೆ, ಇಡೀ ಕೋಲ್ಕತ್ತದಲ್ಲಿ ಇದ್ದ ಕಿವಿ ಈ ವಿಮಾನವೊಂದೇ.

"ಪಾಪ, ಅದಕ್ಯಾಕೆ ಬೈತೀರಾ?"

ತಿರುಗಿದ. ಓಡಿ ಬಂದು ಏದುಸಿರು ಬಿಡುತ್ತಿದ್ದ ಹುಡುಗಿ. ಕಣ್ಣಲ್ಲಿ ಸಾವಿರ ವೋಲ್ಟಿನ ತುಂಟತನ. ಹೆಸರು ವರ್ಷಿಣಿ, ರೈಲ್ವೆ ಅಧಿಕಾರಿಯ ಮಗಳು, ಬೆಳೆದದ್ದು ಇಲ್ಲಿಯೇ.

"ಬಾಲ ತಿರುಗಸೋ ಮೋಟರ್ ನಡುವ ನಿಂತಬಿಡತದರಿ. ಬ್ಯಾಟರಿ ಬದಲಿಸಿದೆ, ರಿಸೀವರ್ ಬದಲಿಸಿದೆ. ಇಂಜಿನ್ ಚಾಲೂ ಮಾಡಿ ಒಬ್ರು ಹಿಡೀಬೇಕು, ಒಬ್ರು ರಿಮೋಟ್ ತಗೊಂಡು ದೂರ ಹೋಗಿ ನೋಡಬೇಕು."

"ನೋಡ್ಲಿಲ್ವಾ?"

"ಹಿಡಿಯೋರು ಯಾರದಾರ್ರಿ ನನಗ ಇಲ್ಲಿ?"

ಅವಳು ಮೊಣಕಾಲೂರಿ ವಿಮಾನವನ್ನು ಹಿಂದಿನಿಂದ ತಬ್ಬಿ ಹಿಡಿದಳು. ಅವನು ಇಂಜಿನ್ ಚಾಲೂ ಮಾಡಿ, ರಿಮೋಟ್ ಹಿಡಿದು ನಡೆದ ದೂರ ಬರ್ಮಾದವರೆಗಾದರೂ ಇದ್ದೀತು.

"ಸ್ಟಾಪ್! ಒಳಗೇನೋ ಅದುರ್ತಿದೆ, ಇಲ್ಲಿ!"

ಇಂಜಿನ್ ಆರಿಸಿ ಇಬ್ಬರೂ ಬಗ್ಗಿದರು. ವಿಮಾನದ ಇಕ್ಕಟ್ಟಾದ ಹೊಟ್ಟೆಯೊಳಗೆ ಅವನ ದಪ್ಪ ಬೆರಳು ಹೋಗದು, ಅವಳದು ಹೋಯಿತು. ಮೋಟರಿನ ವೈರು ಸಿಕ್ಕಿಸುವ ಕನೆಕ್ಟರಿನ ಒಂದು ಪಿನ್ನು ಹಿಂದಕ್ಕೆ ಸರಿದಿತ್ತು.

"ಪ್ರತಿ ಸಲ ವೈರ್ ಹಿಡಿದು ಎಳೀತೀರಾ?"

"ಸಿಟ್ಟಿನಾಗ... ಹೂಂ."

"ಕನೆಕ್ಟರನ್ನೇ ಹಿಡ್ಕೋಬೇಕು, ರೌಡಿ!" ಅವಳು ಪಿನ್ನನ್ನು ಒಳಕ್ಕೆ ದೂಡಿ ಕೂರಿಸಿದಳು. ಅವಳ ಕೂದಲು ಅವನ ಕೆನ್ನೆಗೆ ತಾಗಿತು; ಧಾರವಾಡದ ಮಹಾವೀರ ಉಸಿರಾಡುವುದನ್ನೇ ಮರೆತ.

ವಿಮಾನ ಹಾರಿತು. ಚಂದ್ರನ ಮನೆಯ ಬಾಗಿಲು ತಟ್ಟಿ, ಬೆಣ್ಣೆಯಂತೆ ಇಳಿಯಿತು. ಭರತೇಶನ ಎದೆ ಮಾತ್ರ ಕುಸಿಯಿತು. ರಿಪೇರಿ ಮುಗಿಯಿತು, ಇನ್ನು ಇವಳು ಬರಲು ಕಾರಣವೇನು? ಅವಳು ಕೈ ಒರೆಸಿಕೊಂಡು ಹೊರಟೇಬಿಟ್ಟಳು.

"ನಿಲ್ರಿ! ಮುಂದಿನ ಐತವಾರ... ಬರ್ರಿ."

"ಸರಿಯಾಯ್ತಲ್ಲ?"

ಅರ್ಧ ಅಮೆರಿಕಕ್ಕೆ ಉತ್ತರ ಹೇಳುವವನು ರಿಮೋಟಿನ ಗುಂಡಿಯನ್ನು ಸುಮ್ಮನೆ ತಿರುಗಿಸಿದ.

"ಆಗೇದ. ಅದಕ್ಕಲ್ಲ. ನೀವು ಹೋದ್ರ ನನ್ನ ಜೋಡಿ ಮಾತಾಡೋರು ಯಾರೂ ಇಲ್ರಿ."

ಅವಳ ಕಣ್ಣಿನ ತುಂಟತನ ಕರಗಿ ನೀರಾಯಿತು.

"ಅಜ್ಜಿ ಹೋದ್ಮೇಲೆ ಮನೇಲೂ ಎಲ್ಲಾ ಹಿಂದಿ, ಇಂಗ್ಲಿಷ್. ಬಸ್ಸಲ್ಲಿ ಹೋಗ್ತಿದ್ದೆ. ನೀವು ಬೈಯೋದು ಕೇಳಿಸ್ತು. ಇಳಿದು ಓಡಿಬಂದೆ."

ಇಬ್ಬರೂ ಹುಲ್ಲಿನ ಮೇಲೆ ಕುಳಿತರು. ಮುಂದಿನ ಐತವಾರಕ್ಕೂ ಹಿಡಿಯುವವಳಂತೆ ಅವಳು ವಿಮಾನವನ್ನು ಮಡಿಲಿಗೆ ಎಳೆದುಕೊಂಡಳು.