ವತ್ಸನಾಭಿಯ ಖಾನೆ

ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾಟಿವೈದ್ಯ ಪಂಡಿತರ ಮಗ ಠಾಣೆಗೆ ಬಂದು ದೂರು ಬರೆದುಕೊಟ್ಟ. ತೀರಿಕೊಂಡ ತಂದೆಯ ಔಷಧಿ ಅಂಗಡಿಯಿಂದ ಎರಡು ವಸ್ತು ಕಳುವಾಗಿದ್ದವು: ತಂದೆ ಕೈಯಾರೆ ಬರೆದ ಔಷಧಿ ಪುಸ್ತಕ ಮತ್ತು ಒಂದು ಖಾನೆಯಷ್ಟು ವತ್ಸನಾಭಿ ಬೇರು.

"ಬೇರು ಹೋದ್ರೆ ಹೋಯ್ತು ಸಾರ್. ಪುಸ್ತಕ ಬೇಕು. ಶುಕ್ರವಾರ ಮಾತ್ರೆ ಕಾರ್ಖಾನೆಯವರಿಗೆ ಕೊಡೋದಿದೆ."

ಇನ್‌ಸ್ಪೆಕ್ಟರಿಗೆ ದಿಗಿಲಾದದ್ದು ಬೇರಿನ ಬಗ್ಗೆಯೇ. ಚಿಟಿಕೆ ಹೆಚ್ಚಾದರೆ ಎದೆಬಡಿತವನ್ನೇ ನಿಲ್ಲಿಸುವ ವಿಷ ಅದು. ಯಾರ ಲೋಟಕ್ಕೆ ಬೀಳುವುದೋ! ಎಫ್‌ಐಆರ್ ದಾಖಲಿಸಿ, ಮಹಿಳಾ ಹೆಡ್ ಕಾನ್‌ಸ್ಟೆಬಲ್‌ಳನ್ನೂ ಮಗನನ್ನೂ ಕರೆದುಕೊಂಡು ಹನ್ನೊಂದಕ್ಕೆ ಅಂಗಡಿ ತಲುಪಿದರು.

ಬಾಗಿಲು ತೆಗೆದದ್ದೇ ತಡ, ಬಜೆ, ಹಿಪ್ಪಲಿ, ಲಾವಂಚದ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಇನ್‌ಸ್ಪೆಕ್ಟರು ಹೊಸ್ತಿಲಲ್ಲೇ ನಿಂತುಬಿಟ್ಟರು. ನಾಲ್ಕು ವರ್ಷದವರಿದ್ದಾಗ ನಾಯಿಕೆಮ್ಮು ಹಿಡಿದು, ತಾಯಿ ಅವರನ್ನು ಸೊಂಟದ ಮೇಲೆ ಹೊತ್ತು ಇಲ್ಲಿಗೇ ತರುತ್ತಿದ್ದರು. ಒಳಗೆ ಠಣ್ ಠಣ್ ಎಂದು ಕುಟ್ಟಾಣಿಯ ಸದ್ದು. ಕುಟ್ಟುತ್ತಿದ್ದ ಹೆಂಗಸು ಎದ್ದು ಬಂದು ಆಡುಸೋಗೆ ರಸ ನಾಲಿಗೆಗೆ ಹಚ್ಚುವಳು. ಕಹಿಗೆ ಮುಖ ಕಿವುಚಿದರೆ ನಗುತ್ತಾ ಒಂದು ಬೆರಳು ಜೇನು ನೆಕ್ಕಿಸುವಳು.

"ಸಾರ್?" ಎಂದಳು ಹೆಡ್ ಕಾನ್‌ಸ್ಟೆಬಲ್.

"ಬರ್ಕೊಳ್ಳಿ. ಬೀಗ ಒಡೆದಿಲ್ಲ."

ಪಂಚನಾಮೆ ಸಾಗಿತು. ಗೋಡೆಯುದ್ದಕ್ಕೂ ನೂರಕ್ಕೂ ಹೆಚ್ಚು ಮರದ ಖಾನೆಗಳು, ಒಂದಕ್ಕೂ ಚೀಟಿಯಿಲ್ಲ. ಧೂಳಿನ ಮೇಲೆ ಬೆರಳಚ್ಚು ಇದ್ದದ್ದು ಒಂದೇ ಖಾನೆಯಲ್ಲಿ.

"ವತ್ಸನಾಭಿ ಎಲ್ಲಿದೆ ಅಂತ ಯಾರಿಗೆ ಗೊತ್ತು?"

"ನಂಗೆ ಇದೊಂದು ಖಾನೆ ಗೊತ್ತು," ಎಂದ ಮಗ. " ಚಿಕ್ಕವನಿದ್ದಾಗ ಮುಟ್ಟಿದ್ದಕ್ಕೆ ಅಪ್ಪ ಬಾರಿಸಿದ್ರು. ಬಿಟ್ರೆ ಕುಟ್ಟಾಣಿಯಮ್ಮನಿಗೆ. ಐವತ್ತು ವರ್ಷ ಇಲ್ಲೇ ಕುಟ್ಟಿದವರು."

"ಬೀಗದ ಕೈ?"

"ಅವರ ಹತ್ರ ಒಂದಿತ್ತು. ವಾಪಸ್ ಕೇಳೋದೇ ಮರೆತೆ."

"ಇತ್ತೀಚೆಗೆ ಬಂದಿದ್ರಾ?"

"ಎರಡು ಸಲ. ಪುಸ್ತಕದಲ್ಲಿ ಏನೋ ಬಿಟ್ಟುಹೋಗಿದೆ, ಒಂದ್ಸಲ ಕೊಡು ಅಂತ ತಲೆ ತಿಂದ್ರು. ಬರೆದಿದ್ರೆ ನಂಬ್ತೀನಿ, ಬಾಯಿಮಾತಲ್ಲ ಅಂದು ಕಳಿಸಿದೆ."

ಹನ್ನೆರಡೂಕಾಲಕ್ಕೆ ಕುಟ್ಟಾಣಿಯಮ್ಮನ ಒಂಟಿ ಕೋಣೆ ತಲುಪಿದರು. ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಹಾಲಿನಲ್ಲಿ ಬೇರು ಬೇಯುತ್ತಿತ್ತು. ಚಾಪೆಯ ಮೇಲೆ ಪುಸ್ತಕ, ಆಕೆಯ ಕೈಯಲ್ಲಿ ಪೆನ್ನು.

"ನಾನೂ ನಿಮ್ಮ ಕೈ ಔಷಧಿ ತಿಂದವನೇ, ಅಮ್ಮ."

"ತಿನ್ನದವರು ಯಾರಿದಾರಪ್ಪ ಈ ಬೀದೀಲಿ?" ಎಂದು ನಕ್ಕಳು. ಪೊಲೀಸರನ್ನು ಕಂಡು ಗಾಬರಿಯಾದಂತಿರಲಿಲ್ಲ.

"ಯಾಕೆ ಕದ್ದಿರಿ?"

"ಇದ್ರಲ್ಲಿ ನೋಡು, 'ವತ್ಸನಾಭಿ ಒಂದು ಭಾಗ' ಅಂತಷ್ಟೇ ಇದೆ. ಮೊದಲು ಹಾಲಲ್ಲಿ ಬೇಯಿಸಿ ವಿಷ ಇಳಿಸಬೇಕು ಅಂತಿಲ್ಲ. ಹೀಗೇ ಕಾರ್ಖಾನೆಗೆ ಹೋದ್ರೆ ಎಷ್ಟು ಮನೇಲಿ ಹೆಣ ಬೀಳುತ್ತೋ."

"ಪಂಡಿತರು ಯಾಕೆ ಬರೀಲಿಲ್ಲ?"

ಆಕೆ ಒಲೆಯ ಉರಿ ತಗ್ಗಿಸಿದಳು. "ವಿಷ ಇಳಿಸೋದು ನನ್ನ ಕೆಲಸ. ಅವರ ಕೈಗೆ ಹೋಗೋಷ್ಟರಲ್ಲಿ ಎಲ್ಲಾ ಆಗಿರ್ತಿತ್ತು. ಅದು ಬರೆಯೋ ವಿಷಯ ಅಂತ ಅವರಿಗೆ ಅನ್ನಿಸಲೇ ಇಲ್ಲವೇನೋ. ಅಂಗಡೀಲಿ ಉಳಿದ ಬೇರನ್ನ ಅವರ ಮಗ ಹಸಿಯಾಗೇ ಕಾರ್ಖಾನೆಗೆ ಕೊಟ್ಟಾನು ಅಂತ ಅದನ್ನೂ ತಂದು ಬೇಯಿಸ್ತಿದೀನಿ."

ಪುಟದ ಅಂಚಿನಲ್ಲಿ ದೊಡ್ಡ ದೊಡ್ಡ ನಡುಗುವ ಅಕ್ಷರ. ನಾಲ್ಕು ಸಾಲು ಮುಗಿದು ಐದನೆಯದು ಅರ್ಧಕ್ಕೆ ನಿಂತಿತ್ತು. ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ ಮುಖ ನೋಡಿದಳು. ಅವರು ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತರು.

"ಮುಗಿಸಿ, ಅಮ್ಮ."

ಒಂದೂ ಐದಕ್ಕೆ ಕೊನೆಯ ಚುಕ್ಕಿ ಬಿತ್ತು. ಪಂಚರ ಸಮಕ್ಷಮ ಪುಸ್ತಕ, ಬೇರು ಎರಡನ್ನೂ ವಶಪಡಿಸಿಕೊಂಡು ಒಂದೂವರೆಗೆ ಆಕೆಯನ್ನು ದಸ್ತಗಿರಿ ಮಾಡಿದರು. ಕಾರ್ಖಾನೆಗೆ ಅಂದೇ ಎಚ್ಚರಿಕೆಯ ಪತ್ರ ಹೋಯಿತು. ಠಾಣೆಯಲ್ಲಿ ಆ ಪುಟವನ್ನು ಮಗ ಮೂರು ಸಲ ಓದಿದ. ಆಮೇಲೆ ತಲೆಯೆತ್ತದೆ, ಕುಟ್ಟಾಣಿಯಮ್ಮನ ಜಾಮೀನಿಗೆ ತಾನೇ ಸಹಿ ಹಾಕಿದ.

ಸಂಜೆ ಇನ್‌ಸ್ಪೆಕ್ಟರು ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬಹಳ ಹೊತ್ತು ಯೋಚಿಸಿ ಬರೆದರು: 'ಮುಖಪರಿಚಯವಿಲ್ಲದ ಜನರ ಪ್ರಾಣದ ಚಿಂತೆ.'